ಹೊಸ ಅಕ್ಕನ ಮೊದಲ ವರ್ಷ

ಸರ್ಕಾರಿ ಶಾಲೆಗೆ ಹೊಸ ಹೆಡ್ ಮೇಷ್ಟ್ರು ಬಂದರೆ ಸ್ವಾಗತಕ್ಕೆ ಒಂದು ಕ್ರಮ ಇದೆ. ಎಸ್‌ಡಿಎಂಸಿ ಅಧ್ಯಕ್ಷರು ಹಾರ ಹಾಕಿ ಶಾಲು ಹೊದಿಸುತ್ತಾರೆ. ದೊಡ್ಡ ತರಗತಿಯ ಹೆಣ್ಣುಮಕ್ಕಳು ಪ್ರಾರ್ಥನೆ ಹಾಡುತ್ತಾರೆ. ಹೋದವರನ್ನು ನೆನೆದು, ಬಂದವರನ್ನು ಹಾರೈಸಿ ಊರಿನ ಹಿರಿಯರು ನಾಲ್ಕು ಮಾತಾಡುತ್ತಾರೆ. ಆಮೇಲೆ ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು. ಮಾರನೆಯ ದಿನದಿಂದ ಹಾಜರಿ ಪುಸ್ತಕದಲ್ಲಿ ಹೊಸ ಸಹಿ. ಆ ಕ್ರಮದ ಬಗ್ಗೆ ನನಗೆ ಗೌರವವಿದೆ. ವರ್ಗಾವಣೆ ಅಲ್ಲಿ ನೌಕರಿಯ ಭಾಗ, ಶಾಲೆ ಯಾರೋ ಒಬ್ಬರ ಹೆಸರಿನ ಮೇಲೆ ನಿಂತಿಲ್ಲ. ಕಷ್ಟವಾಗುವುದು ಒಬ್ಬರ ಹಟದಿಂದ, ಒಬ್ಬರ ಕನಸಿನಿಂದ ಹುಟ್ಟಿದ ಶಾಲೆಗಳಿಗೆ. ಅಲ್ಲಿ ಆ ಒಬ್ಬರು ಎದ್ದು ಹೊರಟರೆ ಶಾಲೆಯೇ ಎದ್ದು ಹೊರಟಂತೆ ಎಲ್ಲರಿಗೂ ಭಯವಾಗುತ್ತದೆ.

ನನ್ನ ಮಗಳು ಓದುವುದು ಅಂಥದೊಂದು ಶಾಲೆಯಲ್ಲಿ. ಮೈಸೂರಿನ ಹೊರವಲಯದಲ್ಲಿ ಒಂದು ತೋಟ, ನಾಲ್ಕೈದು ಹೆಂಚಿನ ಕೋಣೆಗಳು, ನಡುವೆ ಒಂದು ಹೊಂಗೆ ಮರ. ಒಂದರಿಂದ ಏಳನೆಯ ತರಗತಿಯವರೆಗಿನ ಮಕ್ಕಳು ಗುಂಪುಗಳಲ್ಲಿ ಬೆರೆತು ಕೂರುತ್ತಾರೆ. ಒಂದೇ ಚಾಪೆಯ ಮೇಲೆ ಏಳು ವರ್ಷದವರೂ ಇರುತ್ತಾರೆ, ಒಂಬತ್ತು ವರ್ಷದವರೂ ಇರುತ್ತಾರೆ. ಪರೀಕ್ಷೆ ಇಲ್ಲ, ರ‍್ಯಾಂಕ್ ಇಲ್ಲ, ಹೊಡೆತವಂತೂ ಇಲ್ಲವೇ ಇಲ್ಲ. ಪಾಠ ಕನ್ನಡದಲ್ಲಿ. ಕಲಿಸುವವರೆಲ್ಲ ಮಕ್ಕಳಿಗೆ ಅಕ್ಕ, ಅಣ್ಣ. ಉಂಡ ತಟ್ಟೆಯನ್ನು ಉಂಡವರೇ ತೊಳೆಯಬೇಕು, ಅದರಲ್ಲಿ ದೊಡ್ಡವರಿಗೂ ರಿಯಾಯಿತಿ ಇಲ್ಲ. ಇದನ್ನೆಲ್ಲ ಕಟ್ಟಿದವರನ್ನು ಮಕ್ಕಳು ದೊಡ್ಡಕ್ಕ ಎನ್ನುತ್ತಿದ್ದರು, ಪೋಷಕರಾದ ನಾವೂ ಹಾಗೇ ಕರೆಯುತ್ತಿದ್ದೆವು. ಅವರಿಗೆ ಎಪ್ಪತ್ತು ದಾಟಿತು. ಮಂಡಿ ನೋವು ನೆಲದ ಮೇಲೆ ಕೂರಲು ಬಿಡಲಿಲ್ಲ. ಚಾಪೆಯ ಮೇಲೆ ಕೂರಲಾರದವಳು ಈ ಶಾಲೆ ನಡೆಸಬಾರದು ಎಂದು ಒಂದು ಸಂಜೆ ಪೋಷಕರ ಸಭೆಯಲ್ಲಿ ಹೇಳಿಬಿಟ್ಟರು. ಯಾರಿಗೂ ಮಾತು ಹೊರಡಲಿಲ್ಲ.

ಮುಂದಿನ ಕೆಲವು ತಿಂಗಳು ನಮ್ಮ ನಡುವೆ ನಡೆದದ್ದೆಲ್ಲ ಬರುವವರು ಏನು ಕೆಡಿಸುತ್ತಾರೋ ಎಂಬ ಮಾತು. ಪರೀಕ್ಷೆ ತಂದರೆ? ಯೂನಿಫಾರ್ಮ್ ತಂದರೆ? ಇಂಗ್ಲಿಷ್ ಮೀಡಿಯಂ ಮಾಡಿಬಿಟ್ಟರೆ? ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದ ಎಂಬ ಗಾದೆಯನ್ನು ಒಬ್ಬರು ನೆನಪಿಸಿದರು. ಇನ್ನು ಕೆಲವರಿಗೆ ಇದಕ್ಕೆ ತದ್ವಿರುದ್ಧವಾದ ಆಸೆ. ಏಳನೆಯದು ಮುಗಿಸಿ ಬೇರೆ ಕಡೆ ಹೋಗುವ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯಬೇಕಲ್ಲ, ಹೊಸಬರಾದರೂ ಸ್ವಲ್ಪ ಬಿಗಿ ಮಾಡಲಿ ಎಂದರು. ಬರುವವರು ಇನ್ನೂ ಗೇಟಿನೊಳಗೆ ಕಾಲಿಟ್ಟಿರಲಿಲ್ಲ, ಆಗಲೇ ನಮ್ಮ ಭಯ, ನಮ್ಮ ಆಸೆ ಎರಡನ್ನೂ ಅವರ ಹೆಗಲಿಗೆ ಹೇರಿ ಆಗಿತ್ತು.

ಕೊನೆಗೆ ಒಪ್ಪಿ ಬಂದವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ವರ್ಷಗಟ್ಟಲೆ ನಲಿ-ಕಲಿ ತರಗತಿ ನಡೆಸಿ, ಆಮೇಲೆ ಮುಖ್ಯ ಶಿಕ್ಷಕಿಯಾಗಿ, ಸ್ವಯಂ ನಿವೃತ್ತಿ ಪಡೆದವರು. ಸುದ್ದಿ ತಿಳಿದಾಗ "ಸರ್ಕಾರಿ ಶಾಲೆಯವರಾ?" ಎಂದವರೇ ಹೆಚ್ಚು. ಕೇಳಿದವರ ಮನಸ್ಸು ಕೆಟ್ಟದ್ದೇನಲ್ಲ. ಸರ್ಕಾರಿ ಎಂದರೆ ರಿಜಿಸ್ಟರು, ಸುತ್ತೋಲೆ, ಬಿಇಓ ಕಚೇರಿ ಎಂಬ ಚಿತ್ರ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಆ ಪ್ರಶ್ನೆ ನನಗೆ ನೋವು ತಂದಿತು, ಯಾಕೆಂದರೆ ನಾವು ನಮ್ಮದು ಎಂದುಕೊಂಡ ವಿಚಾರಗಳು ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಎಂಬುದನ್ನೇ ಅದು ಮರೆತಿತ್ತು.

1972ರಲ್ಲಿ ಡೇವಿಡ್ ಹಾರ್ಸ್‌ಬರ್ಗ್ ಎಂಬ ಇಂಗ್ಲೆಂಡಿನವರು ಕೋಲಾರ ಜಿಲ್ಲೆಯ ರಾಯಲ್ಪಾಡಿನ ಬಳಿ ನೀಲ್‌ಬಾಗ್ ಎಂಬ ಪುಟ್ಟ ಶಾಲೆ ತೆರೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ವಾಯುಪಡೆಯ ಜೊತೆ ಭಾರತಕ್ಕೆ ಬಂದವರು, ರಿಷಿ ವ್ಯಾಲಿಯಲ್ಲಿ ಪಾಠ ಮಾಡಿದವರು, ಕೊನೆಗೆ ಹಳ್ಳಿಯ ಮಕ್ಕಳ ನಡುವೆ ನೆಲೆಸಿದರು. ಅಲ್ಲಿ ಪರೀಕ್ಷೆ ಇರಲಿಲ್ಲ, ಶಿಕ್ಷೆ ಇರಲಿಲ್ಲ. ಒಂದೇ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ತಂತಮ್ಮ ವೇಗದಲ್ಲಿ ತಂತಮ್ಮ ಕೆಲಸ ಮಾಡಿಕೊಂಡಿರುತ್ತಿದ್ದರು. ಬಡಗಿ ಕೆಲಸಕ್ಕೂ ಲೆಕ್ಕಕ್ಕೂ ಒಂದೇ ಮರ್ಯಾದೆ. ಶಿಕ್ಷಕರಾಗಬೇಕೆಂದವರೂ ಅಲ್ಲೇ ಇದ್ದು ಕಲಿಯುತ್ತಿದ್ದರು. 1984ರಲ್ಲಿ ಹಾರ್ಸ್‌ಬರ್ಗ್ ತೀರಿಕೊಂಡರು, ವಿಚಾರ ತೀರಲಿಲ್ಲ. ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರದವರು ಸುತ್ತಲಿನ ಹಳ್ಳಿಗಳ ಸಣ್ಣ ಶಾಲೆಗಳಿಗಾಗಿ ಪಾಠವನ್ನು ಪುಟ್ಟ ಪುಟ್ಟ ಕಾರ್ಡುಗಳಾಗಿ ಬಿಡಿಸಿ, ಮಗು ಒಂದೊಂದೇ ಮೆಟ್ಟಿಲನ್ನು ತಾನೇ ಹತ್ತುವ ಹಾಗೆ ಕಲಿಕೆಯ ಏಣಿ ಮಾಡಿದರು. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ಅಲ್ಲಿಗೆ ಹೋಗಿ ನೋಡಿದರು. ನೋಡಿದ್ದನ್ನು ಹಾಗೇ ನಕಲು ಮಾಡಲಿಲ್ಲ. ತಮ್ಮ ಕಡೆಯ ಹಾಡು, ಕಥೆ, ಆಟಗಳನ್ನು ಸೇರಿಸಿ ತಾವೇ ಕೂತು ಕನ್ನಡದಲ್ಲಿ ಕಾರ್ಡು ಬರೆದರು. ಅದೇ ನಲಿ-ಕಲಿ. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಬಂತು.

ಚೆನ್ನಾಗಿ ನಡೆಯುವ ನಲಿ-ಕಲಿ ಕೋಣೆಯೊಂದಕ್ಕೆ ಹೋಗಿ ನೋಡಿ. ಕಪ್ಪು ಹಲಗೆ ಮೇಷ್ಟ್ರ ಎತ್ತರದಲ್ಲಿ ಇರುವುದಿಲ್ಲ, ಗೋಡೆಯ ಬುಡದಲ್ಲಿ ಮಗುವಿನ ಕೈಗೆ ಎಟುಕುವಂತೆ ಸುತ್ತಲೂ ಬಳಿದಿರುತ್ತದೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ ಚಿತ್ರ, ಅಕ್ಷರ, ಎಲೆ, ಗೊಂಬೆ ತೂಗುತ್ತಿರುತ್ತವೆ. ತನ್ನ ಮುಂದಿನ ಕಾರ್ಡು ಯಾವುದು ಎಂಬುದನ್ನು ಮಗು ಏಣಿಯ ಪಟ ನೋಡಿ ತಾನೇ ಹುಡುಕಿ ತರುತ್ತದೆ. ಪೋಷಕರು ಖುಷಿಯಿಂದ ಶುಲ್ಕ ಕಟ್ಟುವ ನಮ್ಮಂಥ ಶಾಲೆಗಳ ವಿಚಾರವನ್ನೇ, ಶುಲ್ಕ ಕಟ್ಟಲಾರದವರ ಮಕ್ಕಳಿಗಾಗಿ, ಕಾಡಂಚಿನ ಊರುಗಳಲ್ಲಿ, ಹಲವು ತರಗತಿಗಳನ್ನು ಒಬ್ಬರೇ ಸಂಭಾಳಿಸುತ್ತ ನಡೆಸಿಕೊಂಡು ಬಂದವರು ನಲಿ-ಕಲಿ ಶಿಕ್ಷಕರು. ನೀಲ್‌ಬಾಗ್‌ನ ನೀರು ಎರಡು ಕಾಲುವೆಗಳಲ್ಲಿ ಹರಿದಿದೆ, ಕಡೆಯ ಗದ್ದೆಯವರೆಗೂ ಮುಟ್ಟಿದ್ದು ಅವರ ಕಡೆಯ ಕಾಲುವೆ. ಹೊಸ ಅಕ್ಕ ಹೊರಗಿನವರಲ್ಲ ಎಂದು ನಾನು ಸಭೆಯಲ್ಲಿ ವಾದಿಸಿದ್ದು ಈ ಕಾರಣಕ್ಕೆ. ನಮಗಿಂತ ಹೆಚ್ಚು ಮಕ್ಕಳನ್ನು, ನಮಗಿಂತ ಕಡಿಮೆ ಸೌಕರ್ಯದಲ್ಲಿ, ಹೊಡೆಯದೆ ಬಡಿಯದೆ ಓದಿಸಿದವರಿಂದ ನಾವು ಕಲಿಯುವುದೇ ಬಹಳ ಇದೆ.

ಮಕ್ಕಳಿಗೆ ಈ ಯಾವ ವಾದವೂ ಬೇಕಿರಲಿಲ್ಲ. ಅವರ ಶುಕ್ರವಾರದ ಸಭೆಯಲ್ಲಿ ವಿಷಯ ಬಂತು, ಹೊಸ ಅಕ್ಕನನ್ನು ಹೇಗೆ ಬರಮಾಡಿಕೊಳ್ಳುವುದು ಎಂದು. ಆ ದಿನ ನಾನು ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಹಾಕಿಕೊಡಲು ಹೋಗಿದ್ದೆ, ಕಿಟಕಿಯಾಚೆಯೇ ಅವರ ಸಭೆ. ಹಾರ ಬೇಡ, ಹೂವು ಗಿಡದಲ್ಲೇ ಇರಲಿ ಎಂದಳು ಒಬ್ಬಳು. ಭಾಷಣ ಬೇಡ ಎಂದು ಬಹಳ ಜನ ಕೈಯೆತ್ತಿದರು. ಪಾಯಸ ಬೇಕು ಎಂಬುದಕ್ಕೆ ಎಲ್ಲರದೂ ಒಪ್ಪಿಗೆ. ಆಗ ಎರಡನೇ ಗುಂಪಿನ ಹುಡುಗನೊಬ್ಬ ಎದ್ದು, ಹೊಸಬರಿಗೆ ಏನೂ ಗೊತ್ತಿರಲ್ಲ, ನಾವು ಹೇಳಿಕೊಡಬೇಕು ಎಂದ. ತಾನು ಹಿಂದಿನ ವರ್ಷ ಹೊಸದಾಗಿ ಸೇರಿದಾಗ ಬಚ್ಚಲು ಎಲ್ಲಿದೆ ಅಂತ ಯಾರೂ ಹೇಳಿರಲಿಲ್ಲವಂತೆ. ಅವನ ಮಾತು ಎಲ್ಲರಿಗೂ ನಾಟಿತು. ಒಂದು ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರೂ ಒಂದೊಂದು ವಿಷಯ ಬರೆಯುವುದೆಂದು ತೀರ್ಮಾನವಾಯಿತು. ಬರೆಯಲು ಬಾರದ ಚಿಕ್ಕವರು ಚಿತ್ರ ಬಿಡಿಸಬೇಕು.

ಆ ನೋಟ್‌ಬುಕ್ ನಾನು ನೋಡಿದ್ದೇನೆ. ಉಗ್ರಾಣದ ಬಾಗಿಲನ್ನು ಮೊದಲು ಎತ್ತಬೇಕು, ಆಮೇಲೆ ತಳ್ಳಬೇಕು. ಜೋರು ಮಳೆ ಬಂದರೆ ಮೂರನೇ ಗುಂಪಿನ ಮೂಲೆ ಸೋರುತ್ತದೆ, ಬಕೆಟ್ಟು ಬಾವಿಯ ಹತ್ತಿರ ಇರುತ್ತದೆ. ಅಡುಗೆಮನೆಯ ಅಕ್ಕನಿಗೆ ಸೋಮವಾರ ಉಪವಾಸ, ಅವತ್ತು ಅವರಿಗೊಂದು ಬಾಳೆಹಣ್ಣು ತೆಗೆದಿಡಬೇಕು. ಕಪ್ಪು ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ. ಒಂದು ಪುಟದಲ್ಲಿ ಅಕ್ಷರಗಳನ್ನು ಯಾರೋ ದೊಡ್ಡವರ ಕೈಯಲ್ಲಿ ಬರೆಸಿದ ಹಾಗಿತ್ತು: ನನಗೆ ಓದಕ್ಕೆ ಬರಲ್ಲ, ಯಾರೂ ನಗಲ್ಲ. ನಮ್ಮ ಶಾಲೆಯ ಧ್ಯೇಯ ಏನೆಂದು ಹೊಸಬರಿಗೆ ತಿಳಿಸಲು ಪೋಷಕರ ಸಮಿತಿ ಪುಟಗಟ್ಟಲೆ ಬರೆದಿತ್ತು. ಈ ಒಂದು ಮಾತು ಅದರಲ್ಲಿ ಇರಲಿಲ್ಲ.

ಜೂನ್ ಮೊದಲ ವಾರ ಹೊಸ ಅಕ್ಕ ಸಿಟಿ ಬಸ್ಸಿನಲ್ಲಿ ಬಂದಿಳಿದರು. ಹೊಂಗೆ ಮರದ ಕೆಳಗೆ ಕೂತು ನೋಟ್‌ಬುಕ್ಕನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು, ಚಿತ್ರಗಳ ಹತ್ತಿರ ನಿಂತು ಇದು ಯಾರದ್ದು ಎಂದು ವಿಚಾರಿಸಿದರು. ಆಮೇಲೆ ಎದ್ದು ಸೀದಾ ಉಗ್ರಾಣಕ್ಕೆ ಹೋಗಿ, ಬಾಗಿಲನ್ನು ಎತ್ತಿ, ತಳ್ಳಿ ತೆರೆದರು. ಮಕ್ಕಳು ಕೂಗಾಡಿ ಚಪ್ಪಾಳೆ ತಟ್ಟಿದರು. ಒಳಗೆ ಹೋಗಿ ಚಿಕ್ಕವರ ಚಾಪೆಯ ಮೇಲೆ ಕೂತಾಗ ಪುಟ್ಟ ಹುಡುಗಿಯೊಬ್ಬಳು "ಅಕ್ಕ, ನೀವು ಯಾವ ಗುಂಪು?" ಎಂದು ಕೇಳಿದಳು. "ಇವತ್ತು ನಿಮ್ಮದು, ನಾಳೆ ಪಕ್ಕದ್ದು" ಎಂದರು ಅವರು. ಹಾಗೇ ಮಾಡಿದರು. ಆ ತಿಂಗಳೆಲ್ಲ ದಿನಕ್ಕೊಂದು ಗುಂಪಿನಲ್ಲಿ ಕೂತರು. ಪಾಠ ಮಾಡಲಿಲ್ಲ, ತಿದ್ದಲಿಲ್ಲ, ಮಧ್ಯಾಹ್ನ ತಟ್ಟೆ ತೊಳೆಯುವ ಸಾಲಿನಲ್ಲಿ ನಿಂತರು.

ಹೊಸ ಮಗುವೊಂದು ಶಾಲೆಗೆ ಸೇರಿದಾಗ ನಾವು ಏನು ಮಾಡುತ್ತೇವೆ? ಏನು ಬರುತ್ತದೆ ಎಂದು ಪರೀಕ್ಷೆ ಮಾಡುವುದಿಲ್ಲ. ಹಿಂದಿನ ಶಾಲೆಯ ಅಂಕಪಟ್ಟಿ ಕೇಳುವುದಿಲ್ಲ. ಬೇರೆ ಮಗುವಿನ ಜೊತೆ ಹೋಲಿಸುವುದಿಲ್ಲ. ನೋಡಲಿ, ಓಡಾಡಲಿ, ಹೊಂದಿಕೊಳ್ಳಲಿ ಎಂದು ಕಾಲ ಕೊಡುತ್ತೇವೆ. ಇದು ಆರು ವರ್ಷದವರಿಗೆ ಸರಿ ಎಂದಾದರೆ ಐವತ್ತರ ಆಸುಪಾಸಿನವರಿಗೂ ಸರಿಯೇ. ನಮ್ಮ ಶಾಲೆಯ ನಂಬಿಕೆ ನಿಜವಾದ ನಂಬಿಕೆಯೋ, ಮಕ್ಕಳ ಮಟ್ಟಿಗೆ ಮಾತ್ರ ಇಟ್ಟುಕೊಂಡ ಪದ್ಧತಿಯೋ ಎಂಬುದು ಗೊತ್ತಾಗುವುದು ಹೊಸ ಮುಖ್ಯಸ್ಥರನ್ನು ನಾವು ನಡೆಸಿಕೊಳ್ಳುವ ರೀತಿಯಲ್ಲಿ.

ಈ ಕಾಲವನ್ನು ಕೊಡದೆ ಹೋದರೆ ಎಂಥ ದೊಡ್ಡವರ ಶಾಲೆಯೂ ಒಡೆಯುತ್ತದೆ. ಪ್ರಗತಿಪರ ಶಿಕ್ಷಣ ಎಂದರೆ ಜಗತ್ತು ಮೊದಲು ನೆನೆಯುವುದು ಜಾನ್ ಡ್ಯೂಯಿ ಹೆಸರನ್ನು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅವರು 1896ರಲ್ಲಿ ಪ್ರಾಯೋಗಿಕ ಶಾಲೆ ತೆರೆದರು. ಅಡುಗೆ, ನೇಯ್ಗೆ, ಮರಗೆಲಸದ ಮೂಲಕವೇ ಮಕ್ಕಳು ಚರಿತ್ರೆ, ವಿಜ್ಞಾನ ಕಲಿಯುವ ಶಾಲೆ. ಅದೇ ಊರಿನಲ್ಲಿ ಕರ್ನಲ್ ಫ್ರಾನ್ಸಿಸ್ ಪಾರ್ಕರ್ ಎಂಬ ಇನ್ನೊಬ್ಬ ದೊಡ್ಡ ಶಿಕ್ಷಣತಜ್ಞರ ಶಾಲೆಯೂ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿತ್ತು. 1902ರಲ್ಲಿ ಪಾರ್ಕರ್ ತೀರಿಕೊಂಡರು, ಮಾರನೆಯ ವರ್ಷ ಎರಡೂ ಶಾಲೆಗಳನ್ನು ಕೂಡಿಸಿ ಡ್ಯೂಯಿಯವರ ಹೆಂಡತಿ ಆಲಿಸ್ ಅವರನ್ನು ಪ್ರಿನ್ಸಿಪಾಲರನ್ನಾಗಿ ಮಾಡಿದರು. ಪಾರ್ಕರ್ ಜೊತೆಗಿದ್ದ ಶಿಕ್ಷಕರಿಗೆ ಹೊಸ ಪ್ರಿನ್ಸಿಪಾಲರು ತಮ್ಮನ್ನು ಹೊರಗೆ ಹಾಕುತ್ತಾರೆಂಬ ಅಂಜಿಕೆ. ವಿಶ್ವವಿದ್ಯಾಲಯದ ಅಧ್ಯಕ್ಷರು ಅವರನ್ನು ಸಮಾಧಾನಪಡಿಸಲು ಆಲಿಸ್ ಅವರ ನೇಮಕ ಒಂದೇ ವರ್ಷದ್ದು ಎಂದಿದ್ದರು, ಡ್ಯೂಯಿ ದಂಪತಿಗೆ ಆ ಮಾತು ಗೊತ್ತಿರಲಿಲ್ಲ. ಗೊತ್ತಾದ ಮೇಲೆ, 1904ರಲ್ಲಿ, ಗಂಡ ಹೆಂಡತಿ ಇಬ್ಬರೂ ರಾಜೀನಾಮೆ ಕೊಟ್ಟು ಷಿಕಾಗೋ ಬಿಟ್ಟರು. ಆ ಶಾಲೆ ಇವತ್ತಿಗೂ ನಡೆಯುತ್ತಿದೆ, ಆದರೆ ಅದನ್ನು ಕಟ್ಟಿದವರು ಎಂಟೇ ವರ್ಷದಲ್ಲಿ ಹೊರನಡೆಯಬೇಕಾಯಿತು. ಎರಡೂ ಕಡೆಯವರು ಮಕ್ಕಳನ್ನು ಪ್ರೀತಿಸಿದವರೇ, ಎರಡೂ ಕಡೆಯವರದು ಒಳ್ಳೆಯ ವಿಚಾರವೇ. ಹೊಸಬರ ಬಗೆಗಿನ ಅಂಜಿಕೆಯನ್ನು ಅವರ ಎದುರು ಹೇಳದೆ ಬೆನ್ನ ಹಿಂದೆ ಬಗೆಹರಿಸಿಕೊಳ್ಳಲು ಹೋದದ್ದು ಮುಳುವಾಯಿತು. ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ, ಮುಖ್ಯಸ್ಥರಿಲ್ಲದ ಇನ್ನೊಂದು ಗುಂಪು ಹುಟ್ಟಿಕೊಂಡಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ನಮ್ಮಲ್ಲಿ ಪರೀಕ್ಷೆಯ ಗಳಿಗೆ ಬಂದದ್ದು ಮಗ್ಗಿಯ ರೂಪದಲ್ಲಿ. ಆಗಸ್ಟ್ ತಿಂಗಳ ಸಭೆಯಲ್ಲಿ ಹೊಸ ಅಕ್ಕ ಬಹಳ ಮೆತ್ತಗೆ ಒಂದು ಪ್ರಶ್ನೆ ಕೇಳಿದರು. ದೊಡ್ಡ ಗುಂಪಿನ ಮಕ್ಕಳಿಗೆ ಗುಣಾಕಾರ ಅರ್ಥವಾಗಿದೆ, ಚಿತ್ರ ಬರೆದು ತೋರಿಸುತ್ತಾರೆ, ಆದರೆ ಏಳೆಂಟಲ ಎಷ್ಟು ಎಂದರೆ ಪ್ರತಿ ಸಲ ಮೊದಲಿನಿಂದ ಕೂಡಿಸುತ್ತಾರೆ, ದೊಡ್ಡ ಲೆಕ್ಕ ಬಂದಾಗ ಅದರಲ್ಲೇ ದಣಿಯುತ್ತಾರೆ, ಮಗ್ಗಿ ಹೇಳಿಸಬಾರದೇ? ಸಭೆ ತಣ್ಣಗಾಯಿತು. ಬಾಯಿಪಾಠ ಈ ಶಾಲೆಯಲ್ಲಿ ನಿಷಿದ್ಧ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಒಬ್ಬರು, ದೊಡ್ಡಕ್ಕ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ ಎಂದರು. ಹೊಸಬರಿಗೆ ಹೇಳಬಾರದ ಮಾತು ಯಾವುದಾದರೂ ಇದ್ದರೆ ಅದು ಇದೇ. ಹೊಸ ಅಕ್ಕ ಸಿಟ್ಟಾಗಲಿಲ್ಲ. ಕೋಟೆ ಕಡೆಯ ಮಕ್ಕಳು ಹುಣಸೆ ಬೀಜಗಳನ್ನು ಸಾಲು ಸಾಲಾಗಿ ಜೋಡಿಸಿ ಮೊದಲು ಮಗ್ಗಿಯನ್ನು ಕಟ್ಟುತ್ತಾರೆ, ಕಟ್ಟಿದ್ದನ್ನು ಆಮೇಲೆ ತಾಳ ಹಾಕಿ ಹಾಡುತ್ತಾರೆ, ಒಂದು ವಾರ ಮಾಡಿ ನೋಡೋಣ, ಮಕ್ಕಳಿಗೆ ಹಿಡಿಸದಿದ್ದರೆ ಬಿಡೋಣ ಎಂದರು.

ಮಕ್ಕಳಿಗೆ ಹಿಡಿಸಿತು. ಸಂಜೆ ನನ್ನ ಮಗಳು ಮನೆಯ ಮೆಟ್ಟಿಲ ಮೇಲೆ ಎಂಟರ ಸಾಲುಗಳನ್ನು ಜೋಡಿಸಿ, ಒಂದೊಂದು ಸಾಲಿಗೂ ಒಂದೊಂದು ಚಪ್ಪಾಳೆ ತಟ್ಟುತ್ತ ಹಾಡಿದಳು. ಮಡಿ ಎಂಬುದು ದೇವರ ಮನೆಯಲ್ಲಿ ಮಾತ್ರ ಇರುವುದಿಲ್ಲ, ಪ್ರಗತಿಪರ ಶಾಲೆಗೂ ಅದು ಮೆಲ್ಲಗೆ ಅಂಟಿಕೊಳ್ಳುತ್ತದೆ. ಯಾವುದೋ ಕಾಲದಲ್ಲಿ, ಯಾವುದೋ ಕಾರಣಕ್ಕೆ, ಹೊಡೆದು ಬಡಿದು ಮಾಡಿಸುತ್ತಿದ್ದ ಬಾಯಿಪಾಠವನ್ನು ದೊಡ್ಡಕ್ಕ ದೂರ ಇಟ್ಟರು. ಅದು ಆಗಿನ ಬೇಡಿಕೆ. ಕಾರಣ ಮರೆತು ನಿಷೇಧವೊಂದನ್ನೇ ನಾವು ಪೂಜಿಸುತ್ತ ಬಂದಿದ್ದೆವು. ಇದನ್ನು ಕಾಣಲು ಹೊರಗಿನಿಂದ ಬಂದ ಕಣ್ಣು ಬೇಕು. ಹೊಸ ಮುಖ್ಯಸ್ಥರಿಂದ ಶಾಲೆಗೆ ಆಗುವ ಅತಿ ದೊಡ್ಡ ಉಪಕಾರ ಇದೇ ಎಂದು ನನ್ನ ನಂಬಿಕೆ. ಅವರ ಮೊದಲ ವರ್ಷದ ಪ್ರಶ್ನೆಗಳನ್ನು ಒಂದೂ ಬಿಡದೆ ಬರೆದಿಟ್ಟುಕೊಳ್ಳಬೇಕು, ಎರಡನೆಯ ವರ್ಷ ಅವರೂ ನಮ್ಮಂತೆ ಒಗ್ಗಿಹೋಗಿರುತ್ತಾರೆ.

ದೊಡ್ಡಕ್ಕನ ಬಗ್ಗೆ ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಜೂನ್ ತಿಂಗಳಿಗೆ ಮುಂಚೆಯೇ ಅವರು ಶಿವಮೊಗ್ಗದ ಮಗಳ ಮನೆಗೆ ಹೊರಟರು. ಒಂದು ವರ್ಷ ಶಾಲೆಯ ಕಡೆ ಬರುವುದಿಲ್ಲ ಎಂದರು. ನಾನು ಎದುರಿಗೆ ಕೂತಿದ್ದರೆ ಹೊಸಬರು ಒಂದು ಮಾತು ಹೇಳಿದಾಗ ನೀವೆಲ್ಲ ನನ್ನ ಮುಖ ನೋಡುತ್ತೀರಿ, ಅದು ಅವರಿಗೆ ಅನ್ಯಾಯ ಎಂದರು. ಮಗ್ಗಿಯ ಗಲಾಟೆಯಾದಾಗ ಶಿಕ್ಷಕಿಯೊಬ್ಬರು ತಡೆಯಲಾರದೆ ಫೋನ್ ಮಾಡಿದ್ದರಂತೆ. ಎಲ್ಲ ಕೇಳಿಸಿಕೊಂಡು "ಅವರನ್ನೇ ಕೇಳು ಕಣಮ್ಮ" ಎಂದಷ್ಟೇ ಹೇಳಿ ಇಟ್ಟರಂತೆ. ತಾನೇ ಕಟ್ಟಿದ್ದನ್ನು ಹೀಗೆ ಕೈಬಿಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಬರುವವರಿಗೆ ನಿಜವಾದ ಸ್ವಾಗತ ಕೋರಿದವರು ಯಾರು ಎಂದರೆ ನಾನು ಮೊದಲು ಅವರ ಹೆಸರು ಹೇಳುತ್ತೇನೆ.

ಒಬ್ಬರ ಮೇಲೆಯೇ ನಿಂತ ಶಾಲೆಗೆ ಆ ಒಬ್ಬರು ಹೋದಮೇಲೆ ಉಳಿಗಾಲ ಇದೆಯೇ ಎಂದು ಕೇಳುವವರಿಗೆ ಇಂಗ್ಲೆಂಡಿನ ಸಮ್ಮರ್‌ಹಿಲ್ ಉತ್ತರ ಕೊಡುತ್ತದೆ. ಎ.ಎಸ್. ನೀಲ್ 1921ರಲ್ಲಿ ಶುರು ಮಾಡಿದ ಶಾಲೆ ಅದು. 1973ರಲ್ಲಿ ಅವರು ತೀರಿಕೊಂಡ ಮೇಲೆ ಹೆಂಡತಿ ಈನಾ, 1985ರಿಂದ ಮಗಳು ಝೋಯಿ ಅದನ್ನು ಮುನ್ನಡೆಸಿದರು. ಶಾಲೆಯ ಸಭೆಯಲ್ಲಿ ಮುಖ್ಯಸ್ಥರಿಗೆ ಒಂದು ಮತ, ಪುಟ್ಟ ಮಗುವಿಗೂ ಒಂದೇ ಮತ. ಸರ್ಕಾರದ ತಪಾಸಣೆಯ ವರದಿಯಿಂದ ಶಾಲೆಗೆ ಕುತ್ತು ಬಂದು, 2000ದಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ರಾಜಿಯ ಮಾತು ಬಂದಾಗ, ಮಕ್ಕಳು ನ್ಯಾಯಾಲಯದ ಕೋಣೆಯಲ್ಲೇ ಸಭೆ ಸೇರಿ ಚರ್ಚಿಸಿ ಅದಕ್ಕೆ ಒಪ್ಪಿಗೆ ಕೊಟ್ಟರು. ನೀಲ್ ಹೋಗಿ ಕಾಲು ಶತಮಾನ ಕಳೆದಿತ್ತು. ಶಾಲೆಯನ್ನು ಉಳಿಸಿದ್ದು ಅವರು ಬಿಟ್ಟುಹೋದ ಆ ಸಭೆಯ ಅಭ್ಯಾಸ. ನಮ್ಮ ಮಕ್ಕಳ ಶುಕ್ರವಾರದ ಸಭೆ ಬಿಡದೆ ನಡೆಯುತ್ತಿರುವವರೆಗೆ ನನಗೂ ಭಯವಿಲ್ಲ.

ಪ್ರತಿ ಜೂನ್‌ನಲ್ಲಿ ಎಷ್ಟೋ ಶಾಲೆಗಳಿಗೆ ಹೊಸ ಮುಖ್ಯಸ್ಥರು ಬರುತ್ತಾರೆ, ಸರ್ಕಾರಿ ಶಾಲೆಗೂ ಬರುತ್ತಾರೆ, ನಮ್ಮಂಥ ಶಾಲೆಗೂ ಬರುತ್ತಾರೆ. ನಿಮ್ಮ ಮಗುವಿನ ಶಾಲೆಗೂ ಬಂದಿದ್ದರೆ ಒಂದು ಬೆಳಗ್ಗೆ ಹೋಗಿ ಪರಿಚಯ ಮಾಡಿಕೊಳ್ಳಿ. ಮಗುವಿಗೆ ಪೆಟ್ಟು ಬಿದ್ದಿದ್ದರೆ, ಅವಮಾನವಾಗಿದ್ದರೆ ಆ ಕ್ಷಣವೇ ಹೇಳಿ. ಉಳಿದ ದೂರುಗಳು ದೀಪಾವಳಿಯವರೆಗೆ ಕಾಯಲಿ. ಹಿಂದಿನವರು ಹೀಗೆ ಮಾಡುತ್ತಿದ್ದರು ಎನ್ನುವ ಮಾತನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಹೋಗಿ. ಹೆಂಚು ಸರಿಮಾಡುವುದೋ, ಪುಸ್ತಕಕ್ಕೆ ರಟ್ಟು ಹಾಕುವುದೋ, ನಿಮ್ಮ ಕೈಲಾಗುವ ಕೆಲಸ ಏನಾದರೂ ಇದೆಯೇ ಎಂದು ಅವರನ್ನು ಕೇಳಿ.